ಎರಡು ಸಲ ಎದ್ದ ಕೈ

ಉಯ್ಯಂಬಳ್ಳಿಯ ರೇವಣಸಿದ್ದಯ್ಯನ ಬಾಯಲ್ಲಿ ಹದಿನೆಂಟು ತುಂಬುವವರೆಗೂ ‘ಇಲ್ಲ’ ಎಂಬ ಮಾತು ಕೇಳಿದವರಿಲ್ಲ. ಮುಂದೆ ವಿರೂಪಾಕ್ಷಿಪುರದಲ್ಲಿ ಮೇಷ್ಟರಾಗಿ, ಅಮಲ್ದಾರರ ಮುಖಕ್ಕೇ ‘ಅದು ಆಗೋದಿಲ್ಲ ಸ್ವಾಮಿ’ ಎಂದು ಹೆಸರು ಮಾಡಿದ ಮನುಷ್ಯ ಇವನೇ ಎಂದರೆ ಅವನ ಕಾಲೇಜಿನ ಗೆಳೆಯರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹಾಗಂತ ಅವನನ್ನು ದೂರುವಂತಿಲ್ಲ. ವಾರಾನ್ನದ ಹುಡುಗ ‘ಇಲ್ಲ’ ಎನ್ನುವುದನ್ನು ಎಲ್ಲಿ ಹೋಗಿ ಕಲಿಯಬೇಕು?

ಆಗಿನ್ನೂ ಕಾನಕಾನಹಳ್ಳಿ ಎಂದೇ ಕರೆಯುತ್ತಿದ್ದ ಕನಕಪುರದ ಆಚೆಗೆ ಅವನ ಊರು. ಅಪ್ಪನಿಗೆ ರಾಗಿ ಹೊಲವಿತ್ತು, ಮಗನನ್ನು ಓದಿಸುವ ಹಟವಿತ್ತು, ಮಿಕ್ಕಿದ್ದೇನೂ ಇರಲಿಲ್ಲ. ಚನ್ನಪಟ್ಟಣದ ಕಾಲೇಜು ಸೇರಿದ ಹುಡುಗನಿಗೆ ಮಲಗಲು ಮಠದ ಜಗಲಿ ಸಿಕ್ಕಿತು. ಊಟಕ್ಕೆ ದಿನಕ್ಕೊಂದು ಮನೆ ಗೊತ್ತಾಯಿತು. ಸೋಮವಾರ ರೇಷ್ಮೆ ವ್ಯಾಪಾರದವರಾದ ವಿಮಲಮ್ಮನವರ ಮನೆ, ಗುರುವಾರ ಕೋಟೆ ಬೀದಿಯ ಗಿರಿಜಾಂಬನವರ ಮನೆ, ಶುಕ್ರವಾರ ಉಮಾಮಹೇಶ್ವರಿಯವರ ಮನೆ, ಹೀಗೆ. ಶನಿವಾರಕ್ಕೆ ಮಾತ್ರ ಯಾರೂ ಒದಗಲಿಲ್ಲ. ಅವತ್ತು ಊರಿನಿಂದ ತಂದ ಹುರಿಹಿಟ್ಟಿಗೆ ಬೆಲ್ಲ ಕಲಸಿಕೊಂಡು ಹೇಗೋ ದಿನ ದೂಡುತ್ತಿದ್ದ. ವಾರದಲ್ಲಿ ಇನ್ನೊಂದು ದಿನ ಹೀಗಾದರೆ ಪುಸ್ತಕ ಮಡಚಿಟ್ಟು ನೇಗಿಲು ಹಿಡಿಯುವುದೇ ಗತಿ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆದ್ದರಿಂದ ಎಲ್ಲ ಮನೆಯಲ್ಲೂ ಹೂಂಗುಟ್ಟುತ್ತಿದ್ದ. ‘ಯಾರ ಮನೆ ಸಾರು ಚೆಂದಾಗಿರ್ತದಪ್ಪ?’ ಎಂದು ಯಾವ ತಾಯಿ ಕೇಳಿದರೂ ‘ನಿಮ್ಮದೇ ಅಮ್ಮಾವ್ರೆ’ ಎನ್ನುವನು. ಆ ತಾಯಂದಿರು ಒಂದು ಕಡೆ ಕೂತು ಈ ವಿಷಯ ಮಾತಾಡಲಿಲ್ಲ, ಅದು ಅವನ ಪುಣ್ಯ.

ದಸರಾ ರಜಾ ಮುಗಿದು ಕಾರ್ತಿಕ ಬಂತೆಂದರೆ ಕಾಲೇಜಿಗೆ ಬೇರೆಯೇ ಕಳೆ. ಮಳೆ ಹಿಂದೆ ಸರಿದಿರುತ್ತದೆ, ಬಿಸಿಲು ಹದವಾಗಿರುತ್ತದೆ, ಪಾಠ ಯಾರಿಗೆ ಬೇಕು? ಬಯಲಿನಲ್ಲಿ ಓಟದ ಪಂದ್ಯ, ಹಿಂದಿನ ಕೊಠಡಿಯಲ್ಲಿ ನಾಟಕದ ತಾಲೀಮು, ಸಂಜೆ ಚರ್ಚಾಕೂಟ, ಒಂದು ಭಾನುವಾರ ಬುತ್ತಿ ಕಟ್ಟಿಕೊಂಡು ಕ್ಲೋಸ್‌ಪೇಟೆಗೆ, ಅಂದರೆ ಈಗಿನ ರಾಮನಗರಕ್ಕೆ, ಹೋಗಿ ರಾಮದೇವರ ಬೆಟ್ಟ ಹತ್ತುವುದು. ಇಷ್ಟಕ್ಕೂ ಯಜಮಾನ ಎಂದರೆ ವಿದ್ಯಾರ್ಥಿ ಸಂಘದ ಕಾರ್ಯದರ್ಶಿ. ಆ ವರ್ಷ ಆ ಪಟ್ಟಕ್ಕೆ ಇಬ್ಬರು ನಿಂತರು.

ಒಬ್ಬ ವಿಮಲಮ್ಮನವರ ಮಗ ಮಲ್ಲಿಕಾರ್ಜುನಯ್ಯ. ಇನ್ನೊಬ್ಬ ಗಿರಿಜಾಂಬನವರ ಮಗ ವೃಷಭೇಂದ್ರಪ್ಪ. ಒಬ್ಬ ಸೋಮವಾರ, ಇನ್ನೊಬ್ಬ ಗುರುವಾರ.

ವೃಷಭೇಂದ್ರಪ್ಪ ಕ್ರಾಪು ಬಿಟ್ಟ ಚೆಲುವ. ಬೆಂಗಳೂರಿನಿಂದ ಪರದೆ ತರಿಸಿ ನಾಟಕ ಆಡಿಸುತ್ತೇನೆ, ಟೆನ್ನಿಸ್ ಬಲೆ ಕಟ್ಟಿಸುತ್ತೇನೆ ಎಂದು ಹೇಳಿಕೊಂಡು ತಿರುಗಿದ. ಮಲ್ಲಿಕಾರ್ಜುನಯ್ಯ ಮಾತು ಕಮ್ಮಿಯ ಆಸಾಮಿ. ಚರ್ಚಾಕೂಟವನ್ನು ಎರಡು ವಾರಕ್ಕೊಮ್ಮೆ ಕನ್ನಡದಲ್ಲಿ ನಡೆಸಬೇಕು ಎಂಬುದೊಂದೇ ಅವನ ಹಂಬಲ. ಅಲ್ಲಿಯವರೆಗೆ ಚರ್ಚೆಯೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು. ನಾಲ್ಕು ಜನ ಮಾತಾಡುವರು, ಮಿಕ್ಕವರು ಅವರು ಕೈ ಆಡಿಸಿದ ಕಡೆ ಚಪ್ಪಾಳೆ ತಟ್ಟುವರು.

ರೇವಣಸಿದ್ದಯ್ಯನ ಪಾಡು ಕೇಳಬೇಡಿ. ಸೋಮವಾರ ವಿಮಲಮ್ಮನವರು ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಪಾಯಸ ಬಡಿಸಿದರು. ‘ಓಟು ನಮ್ಮ ಮಲ್ಲಿಕಾರ್ಜುನಂಗೆ ತಾನೇ ಕಣಪ್ಪ?’ ಎಂದರು. ‘ಹೂಂ ಅಮ್ಮಾವ್ರೆ.’ ಗುರುವಾರ ಊಟಕ್ಕೆ ಕೂತಾಗ ಪಕ್ಕದಲ್ಲಿದ್ದ ವೃಷಭೇಂದ್ರಪ್ಪ ಅವನ ಬೆನ್ನು ಚಪ್ಪರಿಸಿ, ‘ಇವನು ಬುಡು, ನಮ್ಮ ಮನೆ ಉಪ್ಪು ತಿಂದೋನು’ ಎಂದ. ಅದಕ್ಕೂ ಹೂಂ.

ಓಟು ಎಂದರೆ ಆಗ ಚೀಟಿಗೀಟಿ ಇಲ್ಲ. ದೊಡ್ಡ ಕೊಠಡಿಯಲ್ಲಿ ಎಲ್ಲರೂ ಕೂತು ಕೈ ಎತ್ತುವುದು, ಪ್ರಿನ್ಸಿಪಾಲರು ಎಣಿಸುವುದು. ಮಲ್ಲಿಕಾರ್ಜುನಯ್ಯನ ಹೆಸರು ಕೂಗಿದರು. ಅವನು ಮುಂದಿನ ಬೆಂಚಿನಿಂದ ತಿರುಗಿ ನೋಡುತ್ತಿದ್ದ. ರೇವಣಸಿದ್ದಯ್ಯ ಕೈ ಎತ್ತಿದ. ವೃಷಭೇಂದ್ರಪ್ಪನ ಹೆಸರು ಕೂಗಿದರು. ಅವನೂ ತಿರುಗಿ ನೋಡಿದ. ರೇವಣಸಿದ್ದಯ್ಯನ ಕೈ ಮತ್ತೆ ಮೇಲೆದ್ದಿತು.

‘ಲೇ, ಏನ್ಲಾ ಮಾಡ್ದೆ?’ ಎಂದು ಪಕ್ಕದಲ್ಲಿದ್ದ ಗೆಳೆಯ ಸಮದ್ ಅಂಗಿ ಹಿಡಿದೆಳೆದ. ಅಷ್ಟರಲ್ಲಿ ಹೊತ್ತು ಮೀರಿತ್ತು. ಇಬ್ಬರಿಗೂ ಸಮಸಮ ಬಂದಿತ್ತು. ಅದೂ ಹೋಗಲಿ, ಕೊಠಡಿಯಲ್ಲಿದ್ದ ತಲೆಗಳಿಗಿಂತ ಎತ್ತಿದ ಕೈಗಳು ಒಂದು ಹೆಚ್ಚಾಗಿದ್ದವು.

‘ಯಾರಯ್ಯಾ ಅದು, ಎರಡು ಸಲ ಎತ್ತಿದವನು?’ ಎಂದರು ಪ್ರಿನ್ಸಿಪಾಲರು.

ಸುಳ್ಳು ಹೇಳಲು ಬಾರದ ಹುಡುಗ ಎದ್ದು ನಿಂತ. ‘ನಾನೇ ಸಾರ್. ಸೋಮವಾರ ಇವರ ಮನೇಲಿ ಉಣ್ತೀನಿ ಸಾರ್, ಗುರುವಾರ ಅವರ ಮನೇಲಿ.’

ಕೊಠಡಿ ನಗೆಯಲ್ಲಿ ಬಿರಿಯಿತು. ಪ್ರಿನ್ಸಿಪಾಲರು ಮಾತ್ರ ನಗಲಿಲ್ಲ. ‘ಶುಕ್ರವಾರ ಯಾರ ಮನೆ?’ ಎಂದು ಕೇಳಿದರು.

‘ಉಮಾಮಹೇಶ್ವರಿಯವರ ಮನೆ ಸಾರ್.’

‘ಅವರ ಮನೆಯಿಂದ ಯಾರಾದರೂ ನಿಂತಿದ್ದಾರೋ?’

‘ಅವರಿಗೆ ಗಂಡುಮಕ್ಕಳಿಲ್ಲ ಸಾರ್.’

‘ಹಾಗಾದರೆ ಬರುವ ಶುಕ್ರವಾರ ಮತ್ತೆ ಚುನಾವಣೆ’ ಎಂದು ಹೇಳಿ ಅವರು ಎದ್ದು ಹೋದರು.

ಆ ವಾರವಿಡೀ ಅವನಿಗೆ ಮುಖ ಎತ್ತಿ ಓಡಾಡಲಾಗಲಿಲ್ಲ. ಬಯಲಿನಲ್ಲಿ ಹುಡುಗರು ಅವನನ್ನು ಕಂಡರೆ ಎರಡೂ ಕೈ ಮೇಲೆತ್ತಿ ನಮಸ್ಕಾರ ಮಾಡುತ್ತಿದ್ದರು. ಸೋಮವಾರ ಪಾಯಸವಿರಲಿಲ್ಲ. ವಿಮಲಮ್ಮನವರು ‘ಈ ಸಲ ನೆಟ್ಟಗೆ ಎತ್ತು’ ಎಂದಷ್ಟೇ ಹೇಳಿ ಒಳಗೆ ಹೋದರು. ಯಾರೇ ಗೆಲ್ಲಲಿ, ತನಗೆ ಒಂದು ಮನೆ ಹೋಯಿತು ಎಂದುಕೊಂಡ. ಯಾವುದು ಹೋದರೆ ತಡೆದುಕೊಳ್ಳಬಹುದು ಎಂದು ಜಗಲಿಯ ಮೇಲೆ ಕೂತು ಲೆಕ್ಕ ಹಾಕಿದ. ಗಿರಿಜಾಂಬನವರ ಮನೆಯಲ್ಲಿ ಊಟದ ಜೊತೆಗೆ ಮಜ್ಜಿಗೆಯೂ ಧಾರಾಳ. ವೃಷಭೇಂದ್ರಪ್ಪನಿಗೇ ಎತ್ತುವುದು ಎಂದು ತೀರ್ಮಾನಿಸಿದ. ಅವನ ತೀರ್ಮಾನದ ಯೋಗ್ಯತೆ ಅಷ್ಟು.

ಗುರುವಾರ ಹೋದಾಗ ವೃಷಭೇಂದ್ರಪ್ಪ ಮನೆಯಲ್ಲಿರಲಿಲ್ಲ, ಓಟು ಕೇಳಲು ಹೋಗಿದ್ದ. ಗಿರಿಜಾಂಬನವರು ಬಸ್ಸಾರು ಬಡಿಸುತ್ತಾ, ‘ಇಬ್ರಿಗೂ ಕೈ ಎತ್ಬುಟ್ಯಂತೆ?’ ಎಂದು ಕೇಳಿದರು.

‘ತಪ್ಪಾಯ್ತು ಅಮ್ಮಾವ್ರೆ. ನಾಳೆ ನಿಮ್ಮ ಮಗನಿಗೇ ಎತ್ತೀನಿ. ನಿಮ್ಮ ಮನೆ ಅನ್ನ ಮರೆಯಾಕಿಲ್ಲ.’

ಆಕೆ ಸೌಟನ್ನು ಪಾತ್ರೆಯಲ್ಲಿ ಬಿಟ್ಟು ಅವನೆದುರು ಕೂತೇ ಬಿಟ್ಟರು. ಸಿಟ್ಟು ಬಂದಿತ್ತು. ‘ಅಲ್ಲ ಕಣಪ್ಪ, ನಾನು ಇಕ್ಕಿದ್ದು ನೀನು ಉಣ್ಲಿ ಅಂತ. ಕೈ ಎತ್ಲಿ ಅಂತ ಅಲ್ಲ. ಅನ್ನ ಇಕ್ಕಿ ಕೈ ಕೊಂಡ್ಕಳದಾದ್ರೆ ಅದೇನು ಊಟವಾ, ಯಾಪಾರವಾ? ನಿನ್ನ ಮನಸ್ಸಿಗೆ ಯಾರು ಬತ್ತಾನೋ ಅವನಿಗೆ ಎತ್ತು. ಈಗ ಉಣ್ಣು, ಆರೋಯ್ತದೆ.’

ಅವನು ಉಂಡ. ಉಂಡು ಬೀದಿಗೆ ಬಂದ ಮೇಲೆ ಪೇಚಿಗೆ ಬಿದ್ದ. ನನ್ನ ಮನಸ್ಸಿಗೆ ಯಾರು? ಇದನ್ನು ಅವನು ಒಂದು ಸಲವೂ ಕೇಳಿಕೊಂಡಿರಲಿಲ್ಲ. ಟೆನ್ನಿಸ್ ಬಲೆ ಕಟ್ಟಿದರೆ ತನಗೇನು? ಪರದೆ ಬಂದರೂ ತಾನು ಹಿಂದಿನ ಬೆಂಚಿನಲ್ಲೇ ಕೂರುವವನು. ಆದರೆ ಕನ್ನಡದ ಚರ್ಚಾಕೂಟ? ತನಗೂ ಹೇಳಲು ಮಾತುಗಳಿವೆ, ಬೇಕಾದಷ್ಟಿವೆ, ಇಂಗ್ಲಿಷಿಗೆ ಹೆದರಿ ಅಷ್ಟನ್ನೂ ನುಂಗಿಕೊಂಡಿದ್ದೇನೆ ಎಂದು ಅವನಿಗೆ ಹೊಳೆಯಿತು. ಸಂತೋಷವಾಯಿತು, ಮರುಗಳಿಗೆಯೇ ಭಯವೂ ಆಯಿತು. ಅಷ್ಟು ದೊಡ್ಡ ಮಾತು ಹೇಳಿದ ತಾಯಿಯ ಮಗನ ವಿರುದ್ಧವೇ ಕೈ ಎತ್ತಬೇಕಲ್ಲ!

ಶುಕ್ರವಾರ ಮಲ್ಲಿಕಾರ್ಜುನಯ್ಯನ ಹೆಸರು ಕೂಗಿದಾಗ ರೇವಣಸಿದ್ದಯ್ಯ ಕೈ ಎತ್ತಿದ. ಎಲ್ಲರೂ ಅವನ ಕಡೆಗೇ ನೋಡಿದರು. ‘ಇಷ್ಟು ಸಾಕು ಕಣ್ಲಾ’ ಎಂದು ಸಮದ್ ಆ ಕೈಯನ್ನು ಕೆಳಗೆಳೆದು, ಎರಡನೆಯ ಹೆಸರು ಮುಗಿಯುವವರೆಗೂ ಗಟ್ಟಿಯಾಗಿ ಹಿಡಿದುಕೊಂಡಿದ್ದ. ಮಿಕ್ಕವರೆಲ್ಲ ಹಿಂದಿನ ಸಲದಂತೆಯೇ ಎತ್ತಿದ್ದರು. ಮಲ್ಲಿಕಾರ್ಜುನಯ್ಯ ಒಂದೇ ಒಂದು ಕೈಯಿಂದ ಗೆದ್ದ.

‘ಪಾಯಸಕ್ಕೆ ಬಿದ್ಬುಟ್ಟ ಕಣ್ರಲಾ!’ ಎಂದು ವೃಷಭೇಂದ್ರಪ್ಪ ಎಲ್ಲರಿಗೂ ಕೇಳುವಂತೆ ಕೂಗಿದ. ಆ ಮಾತು ಚುಚ್ಚಿತು. ಆದರೂ ರೇವಣಸಿದ್ದಯ್ಯ ತಲೆ ತಗ್ಗಿಸಲಿಲ್ಲ.

ಮುಂದಿನ ಗುರುವಾರ ಬಂತು. ಹೋಗದೆ ಇದ್ದುಬಿಡೋಣ ಎಂದುಕೊಂಡ. ಹೋಗದಿದ್ದರೆ ಆ ತಾಯಿಯ ಮಾತನ್ನು ನಂಬಲಿಲ್ಲ ಎಂದಾಗುತ್ತದೆ, ಅದು ಇನ್ನೂ ದೊಡ್ಡ ಅಪರಾಧ. ಹೋದ. ವೃಷಭೇಂದ್ರಪ್ಪ ಆಗಲೇ ಎಲೆಯ ಮುಂದೆ ಕೂತಿದ್ದ. ಇವನನ್ನು ಕಂಡದ್ದೇ ಅವನ ಮುಖ ಗಂಟಿಕ್ಕಿತು.

‘ಇವನ್ಯಾಕವ್ವ ಬಂದ? ಇವನಿಂದಲೇ ನಾನು ಸೋತಿದ್ದು.’

‘ಗೊತ್ತು’ ಎಂದರು ಗಿರಿಜಾಂಬ. ‘ಇವತ್ತು ಗುರುವಾರ ಕಣ್ಲಾ. ಎದ್ದು ಅವನಿಗೊಂದು ಎಲೆ ಹಾಕು.’

ವೃಷಭೇಂದ್ರಪ್ಪ ತಾಯಿಯನ್ನು ನೋಡಿದ, ಎದ್ದ, ಎಲೆ ಹಾಕಿದ. ಕೊಂಚ ಜೋರಾಗಿಯೇ ಹಾಕಿದ, ಆದರೆ ಹಾಕಿದ. ಗಿರಿಜಾಂಬನವರು ಇಬ್ಬರಿಗೂ ಹಿಟ್ಟಿನ ಮುದ್ದೆ ಇಟ್ಟು ಸಾರು ಬಿಟ್ಟರು. ರೇವಣಸಿದ್ದಯ್ಯ ತನ್ನ ಪಾಲಿನದನ್ನು ಉಂಡು ಮುಗಿಸಿದ. ವಾರಾನ್ನದ ಹುಡುಗರು ಹಾಕಿದಷ್ಟು ಉಂಡು ಕೈ ತೊಳೆಯುತ್ತಾರೆ, ಬಾಯಿ ಬಿಟ್ಟು ಕೇಳಿ ಹಾಕಿಸಿಕೊಳ್ಳುವುದಿಲ್ಲ. ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಇವತ್ತು ರೇವಣಸಿದ್ದಯ್ಯ ಏಳಲಿಲ್ಲ. ಎಲೆಯಿಂದ ತಲೆ ಎತ್ತಿದ.

‘ಅವ್ವಾ, ಇನ್ನೊಂದು ಹಿಟ್ಟು ಇಕ್ಕು’ ಎಂದ.

‘ಈಗ ಕೇಳ್ದೆ ನೋಡು’ ಎಂದು ಗಿರಿಜಾಂಬನವರು ಒಲೆಯ ಕಡೆಗೆ ಹೋದರು.