ಪ್ಯಾನೆಲ್‌ಗೊಬ್ಬ ಹೆಂಗಸು

ನಮ್ಮ ಕಂಪನಿಯಲ್ಲಿ ದೊಡ್ಡ ಹುದ್ದೆಗೆ ಯಾರನ್ನೇ ತೆಗೆದುಕೊಳ್ಳಲಿ, ಸಂದರ್ಶನಕ್ಕೆ ಬಂದವರಲ್ಲಿ ಒಬ್ಬ ಹೆಂಗಸು ಇರಬೇಕು, ಸಂದರ್ಶನ ಮಾಡುವವರಲ್ಲೂ ಒಬ್ಬ ಹೆಂಗಸು ಇರಬೇಕು. ಇದು ನಿಯಮ. ನಾವು ಮಾರುವುದು ಫ್ರಿಜ್ಜು, ವಾಷಿಂಗ್ ಮಷೀನು. ಮನೆಗಳಲ್ಲಿ ಅದನ್ನು ಆರಿಸುವವರು ಹೆಂಗಸರು, ಆದ್ದರಿಂದ ಕಂಪನಿಯೊಳಗೂ ಹೆಂಗಸರಿದ್ದರೆ ವ್ಯಾಪಾರ ಬೆಳೆಯುತ್ತದೆ ಎಂಬುದು ಮೇಲಿನವರ ಲೆಕ್ಕಾಚಾರ. ತಪ್ಪೇನಿಲ್ಲ. ಆದರೆ ಕೆ.ಆರ್. ಪುರದ ನಮ್ಮ ಆಫೀಸಿನಲ್ಲಿ ಪ್ಯಾನೆಲ್‌ನಲ್ಲಿ ಕೂರುವ ದರ್ಜೆಯ ಹೆಂಗಸೆಂದರೆ ಬಹಳ ಕಾಲ ನಾನೊಬ್ಬಳೇ. ಹಾಗಾಗಿ ನನಗೆ ತಲೆಬುಡ ತಿಳಿಯದ ಹುದ್ದೆಗಳಿಗೂ ನನ್ನನ್ನು ಕರೆದುಕೊಂಡು ಹೋಗಿ ಕೂರಿಸುತ್ತಿದ್ದರು. ಎಲೆಯ ತುದಿಗೆ ಉಪ್ಪಿನಕಾಯಿ ಬಡಿಸಿದ ಹಾಗೆ. ಅದು ಎಲೆಯ ಮೇಲೆ ಇರಬೇಕು, ಅಷ್ಟೆ.

ಆ ದಿನದ ಹುದ್ದೆ ಮಾತ್ರ ನನಗೆ ಗೊತ್ತಿದ್ದ ಹುದ್ದೆ. ನಾನು ಬಿಡಿಭಾಗಗಳ ಖರೀದಿ ನೋಡಿಕೊಳ್ಳುತ್ತೇನೆ. ಬೇಕಾಗಿದ್ದವರು ಪೂರ್ವ ಬೆಂಗಳೂರಿನ ಸರ್ವಿಸ್ ಮ್ಯಾನೇಜರ್, ಅಂದರೆ ಮನೆಮನೆಗೆ ಹೋಗಿ ರಿಪೇರಿ ಮಾಡುವ ಹುಡುಗರ ಉಸ್ತುವಾರಿ. ಹಲಸೂರಿನಿಂದ ಹೊರಟು ಟಿನ್ ಫ್ಯಾಕ್ಟರಿಯ ಜಾಮಿನಲ್ಲಿ ಸಿಕ್ಕಿಕೊಂಡು, ಏದುಸಿರು ಬಿಡುತ್ತಾ ಒಳಗೆ ಬಂದೆ. ಕೂರುವುದಕ್ಕೂ ಬಿಡದೆ ನಮ್ಮ ವಿಭಾಗದ ಮುಖ್ಯಸ್ಥರು ತಗ್ಗಿದ ದನಿಯಲ್ಲಿ ಹೇಳಿದರು.

“ನಮ್ಮ ಕಂಪನಿ ಒಳಗಿನವನೇ ಫೈನಲ್ ಮೇಡಂ. ನಿನ್ನೇನೇ ಮಾತಾಡಿ ಆಗಿದೆ. ಇದು ಸುಮ್ನೆ ಫಾರ್ಮ್ಯಾಲಿಟಿ, ಜಾಸ್ತಿ ಎಳೀಬೇಡಿ.”

ಪಕ್ಕದಲ್ಲಿದ್ದ ಇನ್ನೊಬ್ಬ ಅಧಿಕಾರಿ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. ನನಗೆ ಮೈ ಉರಿಯಿತು. ಏನಾದರೂ ಅನ್ನುವಷ್ಟರಲ್ಲಿ ಬಾಗಿಲು ತೆರೆಯಿತು.

ಬಂದ ಹೆಂಗಸು ಶಿವಾಜಿನಗರದವರು, ಹೆಚ್ಚುಕಡಿಮೆ ನನ್ನ ವಯಸ್ಸು. ತಲೆಗೆ ಸ್ಕಾರ್ಫು, ಕಂಕುಳಲ್ಲಿ ಫೈಲು. ಒಂದು ಸರ್ವಿಸ್ ಸೆಂಟರನ್ನು ವರ್ಷಗಟ್ಟಲೆ ನಡೆಸಿದವರು, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳಲು ಕೆಲಸ ಬಿಟ್ಟಿದ್ದರು. ಅತ್ತೆ ತೀರಿಕೊಂಡ ಮೇಲೆ ಎಲ್ಲಿ ಹೋದರೂ ಆ ಬಿಡುವಿನ ಮಾತೇ ಅಡ್ಡ ಬರುತ್ತಿತ್ತಂತೆ.

“ಇದೇ ಲಾಸ್ಟು ಸರ್,” ಎಂದು ಅವರೇ ಹೇಳಿದರು. “ಆಗ್ಲಿಲ್ಲ ಅಂದ್ರೆ ತಮ್ಮನ ಅಂಗಡಿ ಗಲ್ಲಾದಲ್ಲಿ ಕೂತ್ಕೊಂಡ್ಬಿಡ್ತೀನಿ. ಅದಕ್ಕೆ ಯಾರೂ ಬ್ರೇಕ್ ಯಾಕೆ ಅಂತ ಕೇಳಲ್ಲ.”

ಮುಖ್ಯಸ್ಥರು ನಕ್ಕರು. “ಶಿವಾಜಿನಗರದಿಂದ ದಿನಾ ಬರೋಕಾಗುತ್ತಾ?”

“ಇವತ್ತು ಬಂದಿದೀನಲ್ಲ ಸರ್.”

“ಮನೇಲಿ ಒಪ್ತಾರಾ? ಗಂಡು ಹುಡುಗ್ರು ನಿಮ್ಮ ಮಾತು ಕೇಳ್ತಾರಾ?”

ಅವರು ತಾಳ್ಮೆಯಿಂದಲೇ ಉತ್ತರಿಸಿದರು. ಕೆಲಸದ ಬಗ್ಗೆ ಒಂದೂ ಪ್ರಶ್ನೆ ಬರಲಿಲ್ಲ. ನಾನು ತಡೆಯಲಾರದೆ ಬಾಯಿ ಹಾಕಿದೆ. “ಜೋರು ಮಳೆ ಬಂದು, ಕರೆಂಟು ಹೋಗಿ ಬಂದು, ಒಂದೇ ದಿನ ಕಂಪ್ಲೇಂಟು ಗುಡ್ಡೆ ಬಿದ್ರೆ ಹುಡುಗ್ರನ್ನ ಮೊದ್ಲು ಎಲ್ಲಿಗೆ ಕಳಿಸ್ತೀರಿ?”

ಅವರ ಮುಖವೇ ಬದಲಾಯಿತು. ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, “ಮೊದ್ಲು ಫೋನಲ್ಲೇ...” ಎಂದು ಶುರು ಮಾಡಿದರು.

“ಥ್ಯಾಂಕ್ಯೂ. ತಿಳಿಸ್ತೀವಿ,” ಎಂದರು ಮುಖ್ಯಸ್ಥರು.

ಅವರು ಫೈಲು ಎತ್ತಿಕೊಂಡು ಹೊರಗೆ ಹೋದ ಮೇಲೆ ನಾನೂ ಎದ್ದು ನಿಂತೆ. “ಈ ನಾಟಕಕ್ಕೆ ನಾನು ಬರಲ್ಲ ಸರ್. ಪ್ಯಾನೆಲಲ್ಲಿ ಹೆಂಗಸು ಇಲ್ದೆ ಅದ್ಯಾರನ್ನ ತಗೋತೀರೋ ತಗೊಳ್ಳಿ.” ಬಾಗಿಲನ್ನು ಸ್ವಲ್ಪ ಜೋರಾಗಿಯೇ ಎಳೆದುಕೊಂಡೆ.

ಶಿವಾಜಿನಗರದವರು ಹೊರಗಿನ ಸೋಫಾದ ಮೇಲೆ ಕೂತಿದ್ದರು. ವಿಸಿಟರ್ ಕಾರ್ಡು ವಾಪಸು ತೆಗೆದುಕೊಳ್ಳಬೇಕಾದ ಎಚ್‌ಆರ್ ಹುಡುಗಿ ಎಲ್ಲೋ ಹೋಗಿದ್ದಳಂತೆ. ಸುಳ್ಳು ಹೇಳಲು ನನಗೆ ಮನಸ್ಸಾಗಲಿಲ್ಲ. ಬೇರೆಯವರನ್ನು ಮೊದಲೇ ಆರಿಸಿದ್ದಾರೆ, ಅದಕ್ಕೇ ನಾನು ಎದ್ದು ಬಂದೆ ಎಂದೆ. ಶಹಭಾಸ್ ಅನ್ನಲಿ ಎಂದು ಒಳಗೊಳಗೇ ಆಸೆ ಇತ್ತೋ ಏನೋ.

“ನೀವು ಎದ್ದು ಬಂದ್ರೆ ನನಗೇನ್ ಬಂತು ಮೇಡಂ?” ಎಂದರು ಅವರು. “ಒಳಗೆ ನನ್ನ ಕೆಲಸದ್ ಬಗ್ಗೆ ಕೇಳಿದ್ದು ನೀವೊಬ್ರೇ. ಈಗ ಅದೂ ಇಲ್ಲ.”

ಕಪಾಳಕ್ಕೆ ಹೊಡೆದ ಹಾಗಾಯಿತು. ಅಷ್ಟರಲ್ಲಿ ಲಿಫ್ಟಿನಿಂದ ಎಚ್‌ಆರ್ ಹುಡುಗಿ ಇಳಿದಳು, ಹಿಂದೆ ಅಕೌಂಟ್ಸ್ ವಿಭಾಗದ ಒಬ್ಬಾಕೆ. ಆಕೆಗೆ ಆಗಷ್ಟೇ ಬಡ್ತಿ ಸಿಕ್ಕಿತ್ತು. ಈಗ ಆಕೆಯೂ ಪ್ಯಾನೆಲ್‌ನಲ್ಲಿ ಕೂರಬಹುದು. ನನ್ನ ಕುರ್ಚಿ ತಣ್ಣಗಾಗುವ ಮೊದಲೇ ಇನ್ನೊಬ್ಬ ಹೆಂಗಸನ್ನು ಹುಡುಕಿಬಿಟ್ಟಿದ್ದರು.

ಮಾನ ಮರ್ಯಾದೆ ಪಕ್ಕಕ್ಕಿಟ್ಟು ಅವರಿಬ್ಬರ ಹಿಂದೆಯೇ ಒಳಗೆ ನುಗ್ಗಿದೆ. ಅಕೌಂಟ್ಸಿನಾಕೆ ನನ್ನ ಕುರ್ಚಿಯಲ್ಲಿ ಕೂತಿದ್ದಳು. ಗೋಡೆ ಪಕ್ಕದಿಂದ ಇನ್ನೊಂದನ್ನು ಎಳೆದುಕೊಂಡು ನಾನೂ ಕೂತೆ. ಮುಖ್ಯಸ್ಥರ ಮುಖ ಕೆಂಪಾಯಿತು. “ನೀವು ಹೋದ್ರಲ್ಲ?”

“ಬಂದೆ ಸರ್.”

ಮುಖ್ಯಸ್ಥರು ಅಂಕ ಹಾಕುವ ಹಾಳೆಯನ್ನು ಆಕೆಯ ಕಡೆ ಸರಿಸಿದರು. ಆಕೆ ಪೆನ್ನು ತೆಗೆದುಕೊಂಡು, ಕೆಳಗಿಟ್ಟು, ಮೆಲ್ಲಗೆ, “ಸರ್, ನಾನು ಕ್ಯಾಂಡಿಡೇಟ್ ಮುಖಾನೇ ನೋಡಿಲ್ಲ. ಏನಂತ ಮಾರ್ಕ್ಸ್ ಹಾಕ್ಲಿ?” ಎಂದಳು.

ಆಕೆ ಹಟ ಮಾಡಲಿಲ್ಲ, ದನಿಯೂ ಏರಲಿಲ್ಲ. ಲೆಕ್ಕಪತ್ರದವಳು, ಕಾಣದ್ದಕ್ಕೆ ಸಹಿ ಹಾಕಿ ಅಭ್ಯಾಸವಿರಲಿಲ್ಲ. ಮುಖ್ಯಸ್ಥರು ಕಣ್ಣು ಮುಚ್ಚಿ ತೆರೆದು, “ಕರೀರಿ ಅವ್ರನ್ನ,” ಎಂದರು.

ಎರಡನೆಯ ಸಲ ಒಳಗೆ ಬಂದಾಗ ಅವರು ಯಾರ ಪ್ರಶ್ನೆಗೂ ಕಾಯಲಿಲ್ಲ. “ಮೊದ್ಲು ಫೋನಲ್ಲೇ ವಿಚಾರಿಸ್ತೀನಿ. ಫ್ರಿಜ್ಜಲ್ಲಿ ಇನ್ಸುಲಿನ್ ಇಟ್ಟಿರೋ ಮನೆಗೆ ಮೊದಲ ಹುಡುಗ ಹೋಗ್ಬೇಕು. ಆಮೇಲೆ ಚಿಕ್ಕ ಮಗು ಇರೋ ಮನೆ. ಬ್ಯಾಚುಲರ್ ರೂಮು ಕೊನೆಗೆ. ಅವ್ರು ಒಂದಿನ ಹೋಟ್ಲಲ್ಲಿ ತಿಂದ್ರೂ ನಡೆಯುತ್ತೆ. ಬೈಸ್ಕೊಳ್ಳೋಕೆ ನಾನಿದೀನಿ.”

ಲ್ಯಾಪ್‌ಟಾಪಿನವರು ತಲೆ ಎತ್ತಿ, ಕೆಲಸ ಬಿಟ್ಟುಹೋಗುವ ಹುಡುಗರನ್ನು ಉಳಿಸಿಕೊಳ್ಳುವುದು ಹೇಗೆ ಎಂದು ಕೇಳಿದರು. ಮುಖ್ಯಸ್ಥರೂ ಕೇಳಿದರು, ಈ ಸಲ ಮನೆಯ ಬಗ್ಗೆ ಅಲ್ಲ. ಚಹಾ ಬಂತು, ತಣ್ಣಗಾಯಿತು. ನಾನು ಮೇಜಿನ ಕೆಳಗೆ ಬೆರಳು ಹೆಣೆದುಕೊಂಡು ಕೂತಿದ್ದೆ. ಆಗುತ್ತದೆ, ಆಗಿಯೇ ಆಗುತ್ತದೆ ಅನ್ನಿಸಿತ್ತು.

ಆಗಲಿಲ್ಲ. ಅವರು ತುಂಬಾ ಚೆನ್ನಾಗಿ ಮಾತಾಡಿದರು, ಆದರೆ ಒಳಗಿನವನಿಗೆ ಮಾತು ಕೊಟ್ಟಾಗಿದೆ ಎಂದರು ಮುಖ್ಯಸ್ಥರು. ನಾನು ಕೂಗಾಡಿದೆ, ಮೇಲಿನವರಿಗೆ ಬರೆದೆ. ಸಂದರ್ಶನ ನಿಯಮದ ಪ್ರಕಾರವೇ ನಡೆದಿದೆ ಎಂಬ ಉತ್ತರ ಬಂತು. ಅವರಿಗೆ ನಾನೇ ಫೋನ್ ಮಾಡಿ ತಿಳಿಸಿದೆ. “ಆಯ್ತು ಬಿಡಿ ಮೇಡಂ,” ಎಂದು ಇಟ್ಟುಬಿಟ್ಟರು.

ವರ್ಷದ ಕೊನೆಗೆ ಎಲ್ಲರನ್ನೂ ಸಭಾಂಗಣದಲ್ಲಿ ಸೇರಿಸಿದರು. ನಮ್ಮ ಆಫೀಸಿನ ದೊಡ್ಡ ಹುದ್ದೆಗಳಿಗೆ ಎಷ್ಟು ಹೆಂಗಸರನ್ನು ಸಂದರ್ಶಿಸಿದ್ದೇವೆ ಎಂದು ಪರದೆಯ ಮೇಲೆ ತೋರಿಸಿದರು. ಗುರಿಗಿಂತ ಒಂದು ಹೆಚ್ಚೇ ಇತ್ತು. ಚಪ್ಪಾಳೆ ಬಿತ್ತು. ಆ ಲೆಕ್ಕ ನನಗೆ ಬಾಯಿಪಾಠ, ತಾಳೆಯಾಗಲಿಲ್ಲ. ಪಕ್ಕದಲ್ಲಿದ್ದ ಎಚ್‌ಆರ್ ಹುಡುಗಿಯನ್ನು ಕೇಳಿದೆ. ಅವಳು ಏನೂ ಮುಚ್ಚಿಡದೆ ಹೇಳಿದಳು. ಆ ಶಿವಾಜಿನಗರದವರು ಎರಡು ಸಲ ಒಳಗೆ ಹೋಗಿದ್ದರು, ಎರಡು ಸಲವೂ ಪ್ಯಾನೆಲ್ ಬೇರೆ, ಹಾಗಾಗಿ ಇಬ್ಬರೆಂದು ಎಣಿಸಿದ್ದಾರೆ.

ಹೊರಗೆ ಬಂದು ಅವರಿಗೆ ಫೋನ್ ಮಾಡಿದೆ. ಯಾಕೆ ಮಾಡಿದೆನೋ, ಒಬ್ಬಳೇ ನುಂಗಿಕೊಳ್ಳಲಾಗಲಿಲ್ಲ. ಅವರು ಎಲ್ಲ ಕೇಳಿಸಿಕೊಂಡರು.

“ಇಬ್ರು ಅಂತ ಎಣಿಸಿದ್ರಾ?” ಎಂದರು. “ಒಬ್ರಿಗಾದ್ರೂ ಕೆಲಸ ಕೊಡ್ಬೋದಿತ್ತಲ್ಲ ಮೇಡಂ.”