ತೆಳು ಅಟ್ಟೆಯ ಚಪ್ಪಲಿ

ಚಪ್ಪಲಿ ಅಂಗಡಿಗೆ ಹೋದರೆ ನಮ್ಮಮ್ಮ ಬಣ್ಣ ನೋಡುವ ಮೊದಲು, ಬೆಲೆ ವಿಚಾರಿಸುವ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: "ಇದಕ್ಕಿಂತ ತೆಳ್ಳಗಿರೋದು ಇಲ್ವಾ?" ಹಿಮ್ಮಡಿ ಚೂರು ಎತ್ತರವಿರುವ ಜೊತೆಯನ್ನು ಅಂಗಡಿಯವನು ತೆಗೆದರೆ ಬಿಸಿ ಪಾತ್ರೆ ಮುಟ್ಟಿದವಳ ಹಾಗೆ ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದಳು. ಹೈಸ್ಕೂಲು ಮುಗಿಯುವ ಹೊತ್ತಿಗೇ ನಾನು ಅಪ್ಪನ ಎತ್ತರಕ್ಕೆ ಬಂದಿದ್ದೆ. ರಾಜಾಜಿನಗರದ ನಮ್ಮ ಬೀದಿಯಲ್ಲಿ ನನಗೆ ಲೈಟ್ ಕಂಬ ಅಂತ ಹೆಸರು. ಇಷ್ಟುದ್ದದ ಹುಡುಗಿಗೆ ಗಂಡು ಎಲ್ಲಿಂದ ತರೋದು ಅನ್ನುವುದು ಅಮ್ಮನ ಚಿಂತೆ. ಹಾಗಾಗಿ ಕಾಲಿಗೆ ಕಾಗದದಂಥ ಚಪ್ಪಲಿ ಹಾಕಿಸಿ, ಮೇಲಿಂದ "ಸ್ವಲ್ಪ ತಗ್ಗಿ ನಿಂತ್ಕೊಳ್ಳೇ" ಎಂದು ಹೇಳಿ ಹೇಳಿ ನನ್ನ ಬೆನ್ನನ್ನು ಬಗ್ಗಿಸಿದಳು.

ನನ್ನ ಗಂಡ ನನಗಿಂತ ಗಿಡ್ಡ. ಬಹಳವೇನಲ್ಲ, ಎರಡು ಬೆರಳಷ್ಟು. ಆದರೆ ನೋಡುವವರ ಬಾಯಿಗೆ ಅಷ್ಟು ಸಾಕು. ಆರತಕ್ಷತೆಯ ದಿನ ಅವರಿಗೆ ಹಿಮ್ಮಡಿ ಎತ್ತರದ ಹೊಸ ಬೂಟು, ನನಗೆ ಬರಿಗಾಲು. "ಸೀರೆ ನೆರಿಗೆ ಮುಚ್ಕೊಳ್ಳುತ್ತೆ, ಯಾರಿಗೆ ಕಾಣುತ್ತೆ" ಎಂದು ಚಿಕ್ಕಮ್ಮ ಛತ್ರದ ವೇದಿಕೆಯ ಹಿಂದೆ ನನ್ನ ಚಪ್ಪಲಿ ಬಿಡಿಸಿ ಚೀಲಕ್ಕೆ ಹಾಕಿಕೊಂಡರು. ಉಡುಗೊರೆ ಹಿಡಿದವರ ಸಾಲು ಕರಗುವವರೆಗೂ ಸೀರೆಯೊಳಗೆ ಒಂದು ಮೊಣಕಾಲು ಮಡಿಸಿ, ಸೊಂಟ ವಾಲಿಸಿ ನಿಂತಿದ್ದೆ. ಫೋಟೋದಲ್ಲಿ ಇಬ್ಬರೂ ಸರಿಸಮ. ಅಮ್ಮನಿಗಂತೂ ಹೋದ ಜೀವ ಬಂದ ಹಾಗಾಯಿತು.

ಆಮೇಲೆ ಅದೇ ನನ್ನ ನಿಲುವಾಗಿಹೋಯಿತು. ಚಂದ್ರಾ ಲೇಔಟಿನಲ್ಲಿ ಮನೆ ಮಾಡಿದೆವು, ಮಕ್ಕಳಾದರು, ನಾನು ಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾ ದಿನವಿಡೀ ನಿಂತೇ ಇರುತ್ತಿದ್ದೆ. ಎಲ್ಲಿಗೆ ಹೋದರೂ ತೆಳು ಚಪ್ಪಲಿ, ಅವರ ಪಕ್ಕದಲ್ಲಿ ಹೆಗಲಿಳಿಸಿದ ನಡಿಗೆ. ಹೀಗೆ ಮಾಡು ಎಂದು ಅವರು ಒಂದು ದಿನವೂ ಹೇಳಿದವರಲ್ಲ. ನಾನೂ ಆ ಮಾತು ತೆಗೆದವಳಲ್ಲ.

ಹೋದ ವರ್ಷ ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಿದ್ದವಳು ಹಿಂದಕ್ಕೆ ತಿರುಗಲಾಗದೆ ಹಾಗೇ ನಿಂತುಬಿಟ್ಟೆ. ಸೊಂಟ ಹಿಡಿದುಕೊಂಡಿತ್ತು. ವಿಜಯನಗರದಲ್ಲಿ ಫಿಸಿಯೋಥೆರಪಿ ಮಾಡುವ ಹುಡುಗಿಯೊಬ್ಬಳು ನನ್ನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ನೋಡಿದಳು, ನಡೆಸಿ ನೋಡಿದಳು, ಕೊನೆಗೆ ಬಾಗಿಲ ಹೊರಗಿದ್ದ ನನ್ನ ಚಪ್ಪಲಿ ತಂದು ಎರಡೇ ಬೆರಳಲ್ಲಿ ಮಡಚಿ ತೋರಿಸಿದಳು.

"ನೋಡಿ ಆಂಟಿ, ಚಪಾತಿ ಥರ ಮಡಚ್ಕೊಳ್ಳುತ್ತೆ. ನೀವಿಡೋ ಒಂದೊಂದು ಹೆಜ್ಜೆ ಏಟೂ ಸೊಂಟಕ್ಕೇ ಹೋಗ್ತಾ ಇದೆ. ಅದರ ಮೇಲೆ ಬಗ್ಗಿ ಬೇರೆ ನಿಲ್ತೀರ. ಹಿಮ್ಮಡಿ ಹತ್ರ ಮೆತ್ತಗಿರೋ, ದಪ್ಪ ಸೋಲ್ ಇರೋ ಶೂ ತಗೊಳ್ಳಿ. ದಿನಾ ನಡೀರಿ. ನೆಟ್ಟಗೆ ನಡೀಬೇಕು, ಗೊತ್ತಾಯ್ತಾ?"

ನೆಟ್ಟಗೆ ಅಂದದ್ದು ಕೇಳಿ ಬೆಚ್ಚಿದೆ. ನನಗೆ ಹೆದರಿಕೆಯಾದದ್ದು ಸೊಂಟದ ಬಗ್ಗೆ ಅಲ್ಲ, ನಮ್ಮ ವಾಕಿಂಗಿನ ಬಗ್ಗೆ. ದಿನಾ ಬೆಳಿಗ್ಗೆ ನಾವಿಬ್ಬರೂ ಸ್ಕೂಟರಿನಲ್ಲಿ ಜ್ಞಾನಭಾರತಿ ಕ್ಯಾಂಪಸ್ಸಿಗೆ ಹೋಗಿ ಮರಗಳ ಕೆಳಗೆ ಒಂದು ಸುತ್ತು ಹಾಕಿ ಬರುತ್ತೇವೆ. ಮನೆಯಲ್ಲಿ ಅವರು ಟೀವಿಗೆ, ಫೋನಿಗೆ ಅಂಟಿಕೊಂಡಿರುತ್ತಾರೆ, ಕೇಳಿದ್ದಕ್ಕೆ ಹ್ಞೂಂ ಅಂದರೆ ಅದೇ ದೊಡ್ಡದು. ಬಾಯಿ ಬಿಡುವುದು ಅಲ್ಲಿ, ಆ ರಸ್ತೆಯಲ್ಲಿ ಮಾತ್ರ. ಆಫೀಸಿನ ಕಿರಿಕಿರಿ, ಅವರ ತಮ್ಮನ ಮುನಿಸು, ರಾತ್ರಿ ನಿದ್ದೆ ಬಾರದ್ದು, ಎಲ್ಲ ನನ್ನ ಹತ್ತಿರ ಹೇಳಿಕೊಳ್ಳುವುದು ಆಗಲೇ. ಅದೊಂದು ಹೋದರೆ ನಮಗೆ ಇನ್ನೇನೂ ಉಳಿಯುತ್ತಿರಲಿಲ್ಲ.

ಶೂ ತಂದೆ. ಮೊದಲ ದಿನ ಹಾಕಿಕೊಂಡು ಬಾಗಿಲಲ್ಲಿ ನೆಟ್ಟಗೆ ನಿಂತಾಗ ಅವರು ನನ್ನ ಕಾಲು ನೋಡಿದರು, ಆಮೇಲೆ ಕತ್ತೆತ್ತಿ ಮುಖ ನೋಡಿದರು. "ಚೆನ್ನಾಗಿದೆ" ಅಂದರು. ಅವತ್ತು ಪೂರ್ತಿ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದರು. ಮಾರನೇ ದಿನ ಅವರಿಗೆ ಮೊಣಕಾಲು ನೋವು. ಅದರ ಮಾರನೇ ದಿನ ಪೇಪರ್ ಬರಲಿ ತಡಿ ಅಂದರು. ಆಮೇಲೆ ನೆಪ ಹೇಳುವುದನ್ನೂ ಬಿಟ್ಟು ಮುಸುಕು ಹೊದ್ದು ಮಲಗತೊಡಗಿದರು. ನಾನೊಬ್ಬಳೇ ಆಟೋ ಹತ್ತಿ ಹೋದೆ. ನಡೆಯುತ್ತಾ ಇದ್ದರೆ ಗಳಿಗೆಗೊಮ್ಮೆ ಪಕ್ಕಕ್ಕೆ ನೋಡುವುದು, ಯಾರೂ ಇಲ್ಲವೆಂದು ಮತ್ತೆ ಮುಂದೆ ನೋಡುವುದು. ಮನೆಗೆ ಬಂದರೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಒಗ್ಗರಣೆಗಿಟ್ಟ ಎಣ್ಣೆ ಹೊಗೆಯಾಡಿದ ಮೇಲೆ ಎಚ್ಚರವಾಗುತ್ತಿತ್ತು.

ಒಂದು ಬೆಳಿಗ್ಗೆ ತಡೆಯಲಾಗದೆ ಹಳೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು ಅವರನ್ನು ಕರೆದೆ. ಎಂಥಾ ವಿಚಿತ್ರ ನೋಡಿ, ಐದೇ ನಿಮಿಷದಲ್ಲಿ ಇವರು ಮುಖ ತೊಳೆದು ಹೆಲ್ಮೆಟ್ ಹಿಡಿದು ರೆಡಿ. ದಾರಿಯುದ್ದಕ್ಕೂ ಮಾತೇ ಮಾತು. ನಾನೂ ನಕ್ಕೆ. ಸಂಜೆ ಮಾತ್ರ ಹಾಸಿಗೆಯಲ್ಲೂ ಮಲಗಲಾಗದೆ ಹಾಲಿನ ನೆಲದ ಮೇಲೆ ಅಂಗಾತ ಬಿದ್ದುಕೊಂಡೆ. ಫ್ಯಾನು ನೋಡುತ್ತಾ ಮಲಗಿದವಳಿಗೆ ಸೊಂಟದ ಉರಿಗಿಂತ ಹೆಚ್ಚಾಗಿ ಸಿಟ್ಟಿಗೆ ಮೈಯೆಲ್ಲ ಉರಿಯಿತು. ಅವರು ಮುಲಾಮು ತಂದು ಪಕ್ಕದಲ್ಲಿಟ್ಟರು. ನಾನು ಅದನ್ನು ಅತ್ತ ತಳ್ಳಿದೆ.

ನೋವು ಇಳಿದ ಮೇಲೆ ಮತ್ತೆ ಶೂ ಹಾಕಿಕೊಂಡೆ. ಮುಸುಕು ಎಳೆದು, ಹೆಲ್ಮೆಟ್ಟನ್ನು ಅವರ ಕೈಗೇ ಕೊಟ್ಟು, "ಇವತ್ತು ಬರ್ಲೇಬೇಕು ನೀವು" ಅಂದೆ. ಬಂದರು. ಗೇಟು ದಾಟಿ ಸ್ವಲ್ಪ ದೂರ ಹೋದ ಮೇಲೆ ಕೇಳಿಯೇಬಿಟ್ಟೆ.

"ರೀ, ನನ್ ಪಕ್ಕ ನಡೆಯೋಕೆ ನಾಚಿಕೆನಾ ನಿಮಗೆ?"

"ನಾಚಿಕೆ ಅಲ್ಲ."

"ಮತ್ತಿನ್ನೇನು? ನಾನ್ ಮಾಡಿರೋ ತಪ್ಪಾದ್ರೂ ಏನು?"

 ಅವರು ನೆಲ ನೋಡುತ್ತಾ ಹೇಳಿದರು. "ನೀನು ಬಗ್ಗಿ ನಡೆಯೋದು ನಂಗೆ ಗೊತ್ತಿತ್ತು ಕಣೇ. ಮೊದ್ಲಿಂದ್ಲೂ. ಬೇಡ ಅನ್ಬಹುದಿತ್ತು. ಅನ್ಲಿಲ್ಲ. ನಂಗೆ ಅದು ಹಿತವಾಗೇ ಇತ್ತು."

ಗೊತ್ತೇ ಇರಲಿಲ್ಲ ಎಂದಿದ್ದರೆ ನಂಬಿ ಸುಮ್ಮನಾಗುತ್ತಿದ್ದೆ. ಹಿತವಾಗಿತ್ತಂತೆ. ಇಷ್ಟು ವರ್ಷ ನಾನು ಕದ್ದು ಮಾಡುತ್ತಿದ್ದೇನೆ ಅಂದುಕೊಂಡದ್ದನ್ನು ಇವರು ನೋಡುತ್ತಾ, ಅನುಭವಿಸುತ್ತಾ ಪಕ್ಕದಲ್ಲೇ ನಡೆದಿದ್ದಾರೆ. ಕಣ್ಣು ತುಂಬಿ ಬಂತು. ಅತ್ತರೆ ಮರ್ಯಾದೆ ಹೋಗುತ್ತದೆಂದು ಬಿರಬಿರನೆ ಮುಂದೆ ನಡೆದೆ. ಹೊಸ ಶೂನಲ್ಲಿ ಮೊದಲ ಸಲ ಕಾಲು ಪೂರ್ತಿ ಬೀಸಿ ಹೆಜ್ಜೆ ಹಾಕಿದ್ದೆ.

"ಸ್ವಲ್ಪ ನಿಧಾನ ಹೋಗೇ."

"ನೀವೇ ಬೇಗ ಬನ್ನಿ."

ಬಂದರು. ಏದುಸಿರು ಬಿಡುತ್ತಾ ಪಕ್ಕಕ್ಕೆ ಸೇರಿಕೊಂಡರು. ನನಗೆ ಸಿಟ್ಟು ಇಳಿದಿರಲಿಲ್ಲ, ಆದರೆ ಬಂದರಲ್ಲ ಎಂದು ಉಸಿರು ಹಗುರವಾದದ್ದೂ ನಿಜ. ಎದುರಿನಿಂದ ಗಂಡ ಹೆಂಡತಿ ಇಬ್ಬರು ನಡೆದು ಬರುತ್ತಿದ್ದರು. ಒಮ್ಮೆ ಇವರನ್ನು, ಒಮ್ಮೆ ನನ್ನನ್ನು ನೋಡಿದರು. ನನಗೇ ಗೊತ್ತಿಲ್ಲದ ಹಾಗೆ ನನ್ನ ಹೆಗಲು ಇಳಿಯತೊಡಗಿತು.

"ಬೇಡ ಕಣೇ" ಅಂದರು ನನ್ನ ಗಂಡ, ನನ್ನ ಮುಖ ನೋಡದೆ.