ಬಯಾಸ್ ಕೂರುವ ಹೊತ್ತು

ಬೀದಿಯವರೆಲ್ಲ ‘ಆಂಪ್ಲಿಫೈಯರ್ ಮಾವ’ ಎಂದೇ ಕರೆಯುವ ಈ ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ತಾವೇ ಕಟ್ಟಿದ ಆಂಪ್ಲಿಫೈಯರಿನ ಮುಂದೆ ಕುಳಿತರೆಂದರೆ ಮನೆಯಲ್ಲಿ ಫ್ಯಾನು ತಿರುಗುವಂತಿಲ್ಲ. “ಗಾಳಿ ಬಿದ್ರೆ ಟ್ರಾನ್ಸಿಸ್ಟರ್ ತಣ್ಣಗಾಗುತ್ತೆ, ಬಯಾಸ್ ಕೂರಲ್ಲ” ಎಂಬುದು ಅವರ ಕಟ್ಟಪ್ಪಣೆ. ಹಾಡಿಲ್ಲದಾಗಲೂ ಒಳಗೆ ಹರಿಯುತ್ತಿರಬೇಕಾದ ಬಯಾಸ್ ಎಂಬ ಆ ಚೂರು ಕರೆಂಟಿಗೆ ಕೊಡುವ ಮರ್ಯಾದೆಯನ್ನು ಮಾವ ಬೀಗರಿಗೂ ಕೊಟ್ಟವರಲ್ಲ. ಮೀಟರಿನ ಮುಳ್ಳಿನ ಮೇಲೆ ಕಣ್ಣು ನೆಟ್ಟು, ಉಸಿರು ಬಿಗಿಹಿಡಿದು, ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ. ಅರ್ಧ ಗಂಟೆ ಕಾದು, ಮತ್ತೆ ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸುತ್ತಾರೆ. ಬೆವರು ಒರೆಸಿಕೊಳ್ಳುತ್ತ ಅಳಿಯ, “ನೂರು ವ್ಯಾಟ್ ಅಲ್ವಾ ಮಾವ, ಒಂದ್ಸಲ ಜೋರಾಗಿ ಹಾಕಿ” ಎಂದರೆ, “ಜೋರಾಗಿ ಯಾವ ಡಬ್ಬಾ ಆದ್ರೂ ಕಿರುಚುತ್ತೆ. ಮೆಲ್ಲಗೆ ಹಾಡುವಾಗ ಸ್ವರ ಒಡೀಬಾರದು, ಅದಕ್ಕೇ ಬಯಾಸ್” ಎಂದು ಬಾಯಿ ಮುಚ್ಚಿಸುತ್ತಾರೆ. ಕೊನೆಗೂ ಮುಳ್ಳು ನಿಂತಲ್ಲೇ ನಿಂತು, ಹಾಡು ಶುರುವಾಗುತ್ತದೆ. ಅಡುಗೆಮನೆಯಲ್ಲಿ ಅವರ ಹೆಂಡತಿ ಅದರ ಜೊತೆ ಗುನುಗತೊಡಗುತ್ತಾರೆ. ಯಾರೋ ಕೇಳುತ್ತಿದ್ದಾರೆಂದು ಗೊತ್ತಾದರೆ ತಟ್ಟನೆ ನಿಂತುಬಿಡುವ ಗುನುಗು ಅದು. ಮಾವ ಅಡುಗೆಮನೆಯತ್ತ ಕಿವಿಯಿಟ್ಟು, ಸದ್ದಿಲ್ಲದೆ ವಾಲ್ಯೂಮನ್ನು ಇನ್ನಷ್ಟು ಇಳಿಸುತ್ತಾರೆ. “ರೀ, ಹಾಡೇ ಕೇಳಿಸ್ತಿಲ್ಲ, ಸ್ವಲ್ಪ ಜೋರು ಮಾಡಿ” ಎಂದು ಒಳಗಿನಿಂದ ಕೂಗು ಬಂದರೆ, ಮೀಟರನ್ನು ಆಗಲೇ ಡಬ್ಬಿಗೆ ಸೇರಿಸಿ ಮುಚ್ಚಳ ಹಾಕಿರುವ ಮಾವ ಹೇಳುತ್ತಾರೆ: “ಇರೇ, ಬಯಾಸ್ ಇನ್ನೂ ಕೂತಿಲ್ಲ.”